ಯಜಮಾನರು ಜರ್ಮನಿಯ ಐಸಿಯುನಲ್ಲಿ, ನಾನು ಒಬ್ಬಳೇ: ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಎರಡು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ಯಜಮಾನರು ಸಾಫ್ಟ್‌ವೇರ್ ಇಂಜಿನಿಯರ್, ಬ್ಲೂ ಕಾರ್ಡ್ (ಕೆಲಸದ ಮೇಲೆ ಇಲ್ಲಿರಲು ಕೊಡುವ ಪರವಾನಗಿ) ಮೇಲೆ ಬಂದವರು. ನಾನು ಮನೆಯಲ್ಲೇ ಇದ್ದೇನೆ. ಜರ್ಮನ್ ಅಂಗಡಿಗೆ ಸಾಕಾಗುವಷ್ಟು ಮಾತ್ರ ಬರುತ್ತದೆ. ಮಗಳು ಒಂದನೇ ಕ್ಲಾಸು. ಇವರಿಗೆ ಮೊದಲು ಭೇದಿ ಆಗಿ ವಾಸಿಯಾಯಿತು. ಆಮೇಲೆ ಹತ್ತು ದಿನಕ್ಕೆ ಕಾಲು ಜೋಮು ಹಿಡಿದು ಮೆಟ್ಟಿಲು ಹತ್ತಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಗಿಲನ್ ಬಾರೆ ಸಿಂಡ್ರೋಮ್ ಅಂದರು. ಮೂರು ವಾರ ಆಯಿತು. ಈಗ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಎಚ್ಚರವಿದೆ, ಆದರೆ ಕೈಕಾಲು ಆಡುವುದಿಲ್ಲ, ಮಾತಿಲ್ಲ. ಈಗ ಗಂಟಲಲ್ಲಿ ತೂತು ಮಾಡಬೇಕಂತೆ. ಮೊದಲ ವಾರ ಅವರಿಗೆ ನಿದ್ದೆಯ ಔಷಧಿ ಕೊಟ್ಟಿದ್ದಾಗ ನನ್ನಿಂದ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ರಾತ್ರಿ ಇರಲು ಬಿಡುವುದಿಲ್ಲ. ಒಬ್ಬರನ್ನೇ ಬಿಟ್ಟು ಬರುವಾಗ ಕರುಳು ಕಿತ್ತು ಬರುತ್ತದೆ. ದಾವಣಗೆರೆಯಿಂದ ಅತ್ತೆ ಮಾವ ದಿನಾ ಫೋನ್ ಮಾಡಿ ಅಳುತ್ತಾರೆ, ‘ಊರಿಗೆ ಕರ್ಕೊಂಡು ಬಾ’ ಅನ್ನುತ್ತಾರೆ. ಸಂಬಳ ನಿಂತರೆ ಏನು ಗತಿ? ವೀಸಾ ಹೋಗುತ್ತದಾ? ಮಗಳಿಗೆ ಏನು ಹೇಳಲಿ? ಒಂದೂ ತೋಚುತ್ತಿಲ್ಲ.

ಉತ್ತರ: ನಾನು ಜರ್ಮನಿಯ ಆಸ್ಪತ್ರೆಯೊಂದರ ಸಮಾಜಕಾರ್ಯ ವಿಭಾಗದಲ್ಲಿ ಕೆಲಸ ಮಾಡುವವಳು. ಚಿಕಿತ್ಸೆ ಹೇಗಿರಬೇಕು ಅನ್ನುವುದನ್ನು ನಿಮ್ಮ ವೈದ್ಯರೇ ಹೇಳಬೇಕು. ರೋಗಿಯ ಮನೆಯವರು ಆ ದಿನಗಳನ್ನು ಹೇಗೆ ದಾಟಬಹುದು ಅನ್ನುವುದು ನನ್ನ ಕೆಲಸದ ವಿಷಯ. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ರಾತ್ರಿಯ ಮಾತು. ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಕೊರೆಯುತ್ತಿರುವುದು ಅದೇ ಅಂತ ಅನ್ನಿಸಿತು. ನಮ್ಮ ಕಡೆ ಆಸ್ಪತ್ರೆ ಅಂದರೆ ರೋಗಿ ಜೊತೆ ಒಬ್ಬರು ಇರಲೇಬೇಕು. ಚೀಟಿ ಹಿಡಿದು ಮೆಡಿಕಲ್ ಶಾಪ್‌ಗೆ ಓಡುವುದು, ಗಂಜಿ ಕುಡಿಸುವುದು, ಡ್ರಿಪ್ ಖಾಲಿಯಾದರೆ ಸಿಸ್ಟರನ್ನು ಕರೆಯುವುದು, ರಾತ್ರಿ ಮಂಚದ ಪಕ್ಕ ಚಾಪೆ ಹಾಸಿಕೊಳ್ಳುವುದು ಎಲ್ಲ ಮನೆಯವರ ಪಾಲು. ಹಾಗೆ ನಿಂತವರನ್ನೇ ‘ಚೆನ್ನಾಗಿ ನೋಡ್ಕೊಂಡಳು’ ಅನ್ನುತ್ತೇವೆ. ಇಲ್ಲಿ ಐಸಿಯುನಲ್ಲಿ ಆ ಕೆಲಸ ಪೂರ್ತಿ ನರ್ಸ್‌ಗಳದು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಕಫ ತೆಗೆಯುವುದು, ಕಣ್ಣಿಗೆ ಮುಲಾಮು ಹಾಕುವುದು ರಾತ್ರಿಯಿಡೀ ನಡೆಯುತ್ತದೆ. ನಿಮ್ಮನ್ನು ಮನೆಗೆ ಕಳಿಸುವುದು ನಿಮ್ಮ ಮೇಲಿನ ಅಪನಂಬಿಕೆಯಿಂದ ಅಲ್ಲ. ನೀವು ಅವರನ್ನು ಬಿಟ್ಟು ಬರುತ್ತಲೂ ಇಲ್ಲ. ನಿಮಗೆ ಉಳಿದಿರುವ ಕೆಲಸ ಬೇರೆ, ಮತ್ತು ಅದನ್ನು ಯಾವ ನರ್ಸೂ ಮಾಡಲಾರರು. ಅವರ ಮಾತನ್ನು ಹೊರಗೆ ತರುವವರು ನೀವು. ಮನೆ, ಮಗಳು, ಕಾಗದಪತ್ರ ನಿಲ್ಲದ ಹಾಗೆ ನೋಡಿಕೊಳ್ಳುವವರೂ ನೀವೇ. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ರಾತ್ರಿ ನಿದ್ದೆ ಮಾಡದಿದ್ದರೆ ಎರಡನೇ ತಿಂಗಳಿಗೆ ನೀವೇ ಮಲಗುತ್ತೀರಿ. ಮಧ್ಯರಾತ್ರಿ ಎಚ್ಚರವಾಗಿ ಎದೆ ಡವಡವ ಅಂದರೆ ವಾರ್ಡಿಗೆ ಫೋನ್ ಮಾಡಿ. ಹೆಚ್ಚಿನ ಐಸಿಯುಗಳಲ್ಲಿ ರಾತ್ರಿ ಪಾಳಿಯ ನರ್ಸ್ ‘ನಿದ್ದೆ ಮಾಡುತ್ತಿದ್ದಾರೆ, ಬಿಪಿ ಸರಿಯಾಗಿದೆ’ ಅಂತ ಎರಡು ಮಾತು ಹೇಳುತ್ತಾರೆ. ಕೆಲವು ಕಡೆ ಫೋನಿನಲ್ಲಿ ಮಾಹಿತಿ ಕೊಡಲು ಗುಟ್ಟಿನ ಪದ ಕೇಳುತ್ತಾರೆ. ನಾಳೆಯೇ ಅದನ್ನು ಗೊತ್ತುಮಾಡಿಕೊಳ್ಳಿ.

ಕಾಯಿಲೆ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದು ಗೊತ್ತಿದ್ದರೆ ಎಷ್ಟೋ ಭಯ ಇಳಿಯುತ್ತದೆ. ಹೊಟ್ಟೆ ಕೆಡಿಸುವ ಕೆಲವು ಬ್ಯಾಕ್ಟೀರಿಯಾ, ಅದರಲ್ಲೂ ಕ್ಯಾಂಪೈಲೊಬ್ಯಾಕ್ಟರ್, ಬಂದು ಹೋದ ಮೇಲೆ ದೇಹದ ರಕ್ಷಣಾ ವ್ಯವಸ್ಥೆ ಅಪರೂಪಕ್ಕೆ ದಾರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಅದೇ ಗಿಲನ್ ಬಾರೆ. 1916ರಲ್ಲಿ ಫ್ರಾನ್ಸಿನ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದರು, ಹೆಸರು ಅವರದೇ. ನಿಶ್ಶಕ್ತಿ ಸಾಮಾನ್ಯವಾಗಿ ಎರಡು ವಾರ ಏರುತ್ತದೆ. ನಾಲ್ಕು ವಾರದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಏರುವುದು ನಿಲ್ಲುತ್ತದೆ. ಆಮೇಲೆ ಕೆಲವು ದಿನವೋ ವಾರವೋ ಇದ್ದಲ್ಲೇ ಇರುತ್ತದೆ. ನಂತರ ನಿಧಾನವಾಗಿ ಇಳಿಯುತ್ತದೆ. ಈಗ ಮೂರು ವಾರ ಅಂದಿದ್ದೀರಿ. ಅಂದರೆ ನೀವು ನೋಡುತ್ತಿರುವುದು ಬಹುಶಃ ಅತ್ಯಂತ ಕೆಟ್ಟ ಹಂತ, ಅಥವಾ ಅದರ ಕೊನೆ. ಕೊಡುವ ಔಷಧಿ, ಅದು ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಆಗಲಿ ಪ್ಲಾಸ್ಮಾ ಬದಲಿಸುವುದಾಗಲಿ, ಮಾರನೇ ದಿನವೇ ಕಾಲು ಆಡಿಸುವುದಿಲ್ಲ. ಹಾನಿ ನಿಲ್ಲಿಸುವುದು ಅದರ ಕೆಲಸ. ಹಾಗಾಗಿ ‘ಇಷ್ಟು ದುಬಾರಿ ಔಷಧಿ ಕೊಟ್ಟರೂ ಏನೂ ಆಗಲಿಲ್ಲ’ ಅಂತ ಕೈಚೆಲ್ಲಬೇಡಿ. ಈ ಕಾಯಿಲೆ ಬಂದ ಐವರಲ್ಲಿ ಸುಮಾರು ನಾಲ್ವರು ಆರು ತಿಂಗಳಿಗೆ ಆಸರೆ ಇಲ್ಲದೆ ನಡೆಯುತ್ತಾರೆ. ವೆಂಟಿಲೇಟರ್‌ವರೆಗೆ ಹೋದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಿಪಿ, ನಾಡಿ ಏಕಾಏಕಿ ಏರಿಳಿಯಬಹುದು, ನ್ಯುಮೋನಿಯಾ ಆಗಬಹುದು. ಐಸಿಯುನಲ್ಲಿ ಇಟ್ಟಿರುವುದೇ ಅದಕ್ಕೆ.

ಗಂಟಲಿನ ತೂತು ಅಂದರೆ ಟ್ರಾಕಿಯಾಸ್ಟಮಿ. ನಮ್ಮ ಜನಕ್ಕೆ ಅದು ಕೊನೆಯ ಹಂತ ಅನ್ನುವ ಭಾವನೆ ಇದೆ. ಇಲ್ಲಿ ಹಾಗಲ್ಲ. ಬಾಯಲ್ಲಿ ಕೊಳವೆ ಇದ್ದರೆ ಅದನ್ನು ಸಹಿಸಲು ನಿದ್ದೆಯ ಔಷಧಿ ಜಾಸ್ತಿ ಬೇಕಾಗುತ್ತದೆ, ತುಟಿ ನಾಲಿಗೆ ಹುಣ್ಣಾಗುತ್ತವೆ. ಉಸಿರಿಗೆ ಇನ್ನೂ ವಾರಗಟ್ಟಲೆ ಸಹಾಯ ಬೇಕು ಅಂತ ಕಂಡಾಗ ಕೊಳವೆಯನ್ನು ಗಂಟಲಿಗೆ ಇಳಿಸುತ್ತಾರೆ. ಬಾಯಿ ಬಿಡುವಾಗುತ್ತದೆ, ತುಟಿ ಓದಬಹುದು. ಉಸಿರು ಬಲವಾದ ಮೇಲೆ ವಿಶೇಷ ಕವಾಟ ಹಾಕಿ ಮಾತಾಡಿಸುತ್ತಾರೆ. ಕೊಳವೆ ತೆಗೆದ ಮೇಲೆ ತೂತು ಮುಚ್ಚಿಕೊಳ್ಳುತ್ತದೆ, ಕೆಲವರಿಗೆ ಹೊಲಿಗೆ ಹಾಕುತ್ತಾರೆ, ಅಷ್ಟೇ.

ನೀವು ಸಹಿ ಹಾಕಿದ ಕಾಗದ ಯಾವುದು ಅಂತ ನನಗೆ ಅಂದಾಜಿದೆ. 2023ರ ಜನವರಿ 1ರಿಂದ ಜರ್ಮನಿಯಲ್ಲಿ ಒಂದು ಕಾನೂನು ಇದೆ, ಸಿವಿಲ್ ಸಂಹಿತೆಯ 1358ನೇ ಕಲಂ. ಗಂಡನಿಗೋ ಹೆಂಡತಿಗೋ ಕಾಯಿಲೆಯಿಂದ ತಮ್ಮ ಚಿಕಿತ್ಸೆಯ ವಿಷಯ ನಿರ್ಧರಿಸಲು ಆಗದಿದ್ದರೆ, ಇನ್ನೊಬ್ಬರು ಹೆಚ್ಚೆಂದರೆ ಆರು ತಿಂಗಳು ಅವರ ಪರವಾಗಿ ನಿರ್ಧರಿಸಬಹುದು. ವೈದ್ಯರು ಅದನ್ನು ಬರೆದುಕೊಡಬೇಕು, ನೀವೂ ಒಂದು ಘೋಷಣೆಗೆ ಸಹಿ ಹಾಕಬೇಕು. ಬಹುಶಃ ಅದೇ ಕಾಗದ. ಅದರ ಪ್ರತಿ ಕೇಳಿ ಪಡೆದು ಫೈಲಿನಲ್ಲಿ ಇಡಿ. ಎರಡು ವಿಷಯ ಮಾತ್ರ ಗಮನದಲ್ಲಿರಲಿ. ಒಂದು, ಈ ಹಕ್ಕು ಚಿಕಿತ್ಸೆಗೆ ಸಂಬಂಧಪಟ್ಟದ್ದು, ಅವರ ಬ್ಯಾಂಕ್ ಖಾತೆಗೆ ಅಲ್ಲ. ಖಾತೆ ಇಬ್ಬರ ಹೆಸರಲ್ಲಿ ಇಲ್ಲದಿದ್ದರೆ ಈಗಲೇ ಬ್ಯಾಂಕಿಗೆ ಹೋಗಿ ಏನು ಬೇಕು ಅಂತ ಕೇಳಿ. ಅವರಿಂದ ಒಪ್ಪಿಗೆ ಪಡೆಯಲು ದಾರಿಯೇ ಇಲ್ಲದಿದ್ದರೆ ಬೆಟ್ರೊಯುಂಗ್ಸ್‌ಗೆರಿಷ್ಟ್ ಅನ್ನುವ ನ್ಯಾಯಾಲಯ ನಿಮ್ಮನ್ನೇ ಪ್ರತಿನಿಧಿಯಾಗಿ ನೇಮಿಸಬಹುದು. ಆಸ್ಪತ್ರೆಯ ಸಮಾಜಕಾರ್ಯ ವಿಭಾಗ ಅರ್ಜಿಗೆ ಸಹಾಯ ಮಾಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಅವರಿಗೆ ಈಗ ಎಚ್ಚರವಿದೆ. ಕೇಳಿದ್ದು ತಿಳಿದು ಸರಿಯಾಗಿ ಉತ್ತರ ಕೊಡುತ್ತಾರೆ ಅಂದರೆ ನಿರ್ಧಾರ ಅವರದು. ಗಂಟಲಿನ ವಿಷಯವನ್ನೂ ಅವರನ್ನೇ ಕೇಳಬೇಕು. ‘ಅವರಿಗೆ ವಿವರಿಸಿ ಕೇಳಿದಿರಾ?’ ಅಂತ ವೈದ್ಯರನ್ನು ಧೈರ್ಯವಾಗಿ ಕೇಳಿ. ಆಗ ನೀವು ಪಕ್ಕದಲ್ಲಿದ್ದು ಕನ್ನಡದಲ್ಲಿ ಹೇಳಿ.

ಇಲ್ಲಿಂದ ನಿಮ್ಮ ನಿಜವಾದ ಕೆಲಸ ಶುರು. ಈ ಕಾಯಿಲೆಯಲ್ಲಿ ಬುದ್ಧಿ, ನೆನಪು, ಕಿವಿ ಎಲ್ಲ ಚೆನ್ನಾಗಿರುತ್ತವೆ. ಹೊರಗೆ ಮಾತ್ರ ಏನೂ ಕಾಣುವುದಿಲ್ಲ. ಮುಖದ ನರಗಳಿಗೂ ತಗುಲಿದ್ದರೆ ನಗಲು ಆಗುವುದಿಲ್ಲ, ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಎಷ್ಟೋ ಹೆಂಡತಿಯರು ‘ನನ್ನ ನೋಡಿದರೂ ಮುಖದಲ್ಲಿ ಏನೂ ಇಲ್ಲ, ಸಿಟ್ಟಾ?’ ಅಂತ ಅತ್ತಿದ್ದಾರೆ. ಸಿಟ್ಟಲ್ಲ. ಆ ಸ್ನಾಯುಗಳಿಗೆ ಸುದ್ದಿ ತಲುಪುತ್ತಿಲ್ಲ. ಇದು ಗೊತ್ತಿಲ್ಲದೆ ಗಂಡ ಹೆಂಡತಿ ನಡುವೆ ದೊಡ್ಡ ಬಿರುಕು ಬಿದ್ದದ್ದನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹೌದು, ಇಲ್ಲ ಅನ್ನುವುದಕ್ಕೆ ಒಂದು ಗುರುತು ಗೊತ್ತುಮಾಡಿ. ‘ಹೌದು ಅಂದರೆ ಒಂದು ಸಲ ಕಣ್ಣು ಮಿಟುಕಿಸಿ’ ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ರೆಪ್ಪೆಯೇ ಸರಿಯಾಗಿ ಆಡದವರಿಗೆ ಅದು ಹಿಂಸೆ. ಕಣ್ಣಿನ ಗುಡ್ಡೆ ಸಾಮಾನ್ಯವಾಗಿ ಆಡುತ್ತದೆ. ಮೇಲೆ ನೋಡಿದರೆ ಹೌದು, ಪಕ್ಕಕ್ಕೆ ನೋಡಿದರೆ ಇಲ್ಲ. ಈ ಗುರುತನ್ನು ದಪ್ಪ ಅಕ್ಷರದಲ್ಲಿ ಜರ್ಮನ್‌ನಲ್ಲಿ ಬರೆದು ಮಂಚದ ತಲೆಯ ಬಳಿ ಅಂಟಿಸಿ. ಪ್ರತಿ ಪಾಳಿಯಲ್ಲೂ ಹೊಸ ನರ್ಸ್ ಬರುತ್ತಾರೆ, ಎಲ್ಲರೂ ಒಂದೇ ಗುರುತು ಬಳಸಬೇಕು. ಪ್ರಶ್ನೆ ಒಂದೊಂದೇ ಇರಲಿ. ‘ನೋವಾ, ಸೆಕೆನಾ?’ ಅಂತ ಎರಡು ಒಟ್ಟಿಗೆ ಕೇಳಿದರೆ ಅವರು ಏನು ಹೇಳಬೇಕು?

ಆಮೇಲೆ ಒಂದು ಹಾಳೆ ಮಾಡಿ. ಕನ್ನಡದಲ್ಲಿ ಒಂದು ಸಾಲು, ಅದರ ಕೆಳಗೆ ಜರ್ಮನ್‌ನಲ್ಲಿ ಅದೇ. ಕಫ ತೆಗೆಯಿರಿ. ಹಿಮ್ಮಡಿ ನೋವು. ಮಗ್ಗುಲು ಬದಲಿಸಿ. ಕಣ್ಣು ಉರಿ. ಮೂಗು ತುರಿಕೆ. ಸೆಕೆ. ಭಯ ಆಗ್ತಿದೆ. ಲೈಟ್ ಆರಿಸಿ. ಇವತ್ತು ಯಾವ ವಾರ? ನೀವು ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತೀರಿ, ಬೇಕಾದ ಸಾಲು ಬಂದಾಗ ಅವರು ಕಣ್ಣು ಮೇಲೆತ್ತುತ್ತಾರೆ. ನೀವಿಲ್ಲದಾಗ ನರ್ಸ್ ಜರ್ಮನ್ ಸಾಲು ನೋಡಿ ಬೆರಳಿಡುತ್ತಾರೆ, ಅವರು ಕನ್ನಡ ಸಾಲು ಓದುತ್ತಾರೆ. ಜರ್ಮನ್ ಸಾಲುಗಳನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ತಿದ್ದಿಸಿಕೊಳ್ಳಿ. ಇಲ್ಲಿ ಅವರನ್ನು ಲೋಗೊಪೆಡಿ ವಿಭಾಗದವರು ಅನ್ನುತ್ತಾರೆ, ಇಂಥ ಹಾಳೆ ಅಂದರೆ ಅವರಿಗೆ ಇಷ್ಟ.

ಇದಕ್ಕೂ ಮುಂದೆ, ಅಕ್ಷರ ಅಕ್ಷರವಾಗಿ ಹೇಳಬೇಕು ಅಂದರೆ ಕನ್ನಡ ಕಾಗುಣಿತದ ಚಾರ್ಟ್ ಬೇಡ. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಇಬ್ಬರಿಗೂ ಸುಸ್ತಾಗುತ್ತದೆ. ನಿಮ್ಮಿಬ್ಬರ ವಾಟ್ಸಾಪ್ ತೆಗೆದು ನೋಡಿ. ಹೆಚ್ಚಿನವರ ಹಾಗೆ ನೀವೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿರುತ್ತೀರಿ, ಅಲ್ವಾ? ಅದೇ 26 ಅಕ್ಷರಗಳನ್ನು ಐದು ಸಾಲಾಗಿ ಬರೆಯಿರಿ. ಮೊದಲು ಸಾಲು ಕೇಳಿ, ಆಮೇಲೆ ಅಕ್ಷರ. ನರ್ಸ್ ಕೂಡ ಅಕ್ಷರ ಬರೆದಿಟ್ಟುಕೊಳ್ಳಬಹುದು, ಅರ್ಥ ಆಗದಿದ್ದರೂ ಸರಿ, ನೀವು ಬಂದು ಓದಿಕೊಳ್ಳುತ್ತೀರಿ. ಮೊದಲ ಪದ ಬರಲು ಹತ್ತು ನಿಮಿಷ ಹಿಡಿಯಬಹುದು. ಮಧ್ಯದಲ್ಲಿ ಊಹಿಸಿ ಮುಗಿಸಿಬಿಡುವ ಆಸೆ ಆಗುತ್ತದೆ. ಮುಗಿಸಬೇಡಿ, ಅವರು ಹೇಳಲಿ.

ಮುಟ್ಟುವ ಮುಂಚೆ ಕೇಳಿ. ಈ ಕಾಯಿಲೆಯಲ್ಲಿ ನರದ ನೋವು ಜೋರಾಗಿರಬಹುದು, ಹೊದಿಕೆ ತಾಗಿದರೂ ಉರಿ ಅನ್ನಿಸಬಹುದು. ಊರಿನಿಂದ ‘ಎಣ್ಣೆ ಹಚ್ಚಿ ಕಾಲು ತಿಕ್ಕು’ ಅನ್ನುವ ಸಲಹೆ ಬಂದೇ ಬರುತ್ತದೆ. ಬೇಡ. ಫಿಸಿಯೋಥೆರಪಿಸ್ಟ್ ಹೇಗೆ ಹಿಡಿಯಬೇಕು, ಎಷ್ಟು ಮಡಿಸಬೇಕು ಅಂತ ತೋರಿಸುತ್ತಾರೆ, ಅದನ್ನು ಕಲಿತು ಮಾಡಿ. ಹಾಗೇ ನಾಟಿ ಔಷಧಿ, ಕಷಾಯ ಯಾವುದನ್ನೂ ಅವರ ಆಹಾರದ ಕೊಳವೆಗೆ ಹಾಕಬೇಡಿ. ಯಾರೇ ಕಳಿಸಿದ್ದಿರಲಿ. ಮಾವನವರು ವಿಭೂತಿ ಕಳಿಸಿದರೆ ಪೊಟ್ಟಣದಲ್ಲೇ ಫೋಟೋ ಜೊತೆ ಮಂಚದ ಪಕ್ಕ ಇಡಿ. ಗಂಟಲಲ್ಲಿ ಕೊಳವೆ ಇರುವವರ ಹತ್ತಿರ ಪುಡಿ ಹಾರಬಾರದು. ಇಲ್ಲಿನ ಆಸ್ಪತ್ರೆಗಳಲ್ಲಿ ಚರ್ಚಿನ ಕಡೆಯಿಂದ ಒಬ್ಬರು ರೋಗಿಗಳ ಜೊತೆ ಕೂರಲು ಇರುತ್ತಾರೆ. ಯಾವ ಧರ್ಮದವರ ಜೊತೆಗಾದರೂ ಕೂರುತ್ತಾರೆ, ನಿಮ್ಮ ಜೊತೆಗೂ.

ಭಯದ ಕನಸುಗಳ ಬಗ್ಗೆ ಮೊದಲೇ ತಿಳಿದಿರಲಿ. ಐಸಿಯುನಲ್ಲಿ, ಅದರಲ್ಲೂ ಈ ಕಾಯಿಲೆಯಲ್ಲಿ, ಇಲ್ಲದ್ದು ಕಾಣುವುದು, ಯಾರೋ ಕೊಲ್ಲಲು ಬಂದರು ಅನ್ನಿಸುವುದು ಆಗುತ್ತದೆ. ಹುಚ್ಚಲ್ಲ, ಹೋಗುತ್ತದೆ. ಪ್ರತಿದಿನ ಹೋದ ಕೂಡಲೇ ಹೇಳಿ: ಇವತ್ತು ಬುಧವಾರ, ಸಂಜೆ ನಾಲ್ಕು ಗಂಟೆ, ನೀವು ಆಸ್ಪತ್ರೆಯಲ್ಲಿದ್ದೀರಿ, ಮಗಳು ಶಾಲೆಗೆ ಹೋಗಿ ಬಂದಳು. ಅವರ ಕನ್ನಡಕ, ಅವರದೇ ಶೇವಿಂಗ್ ಕ್ರೀಮು, ಅವರು ಕೇಳುವ ಹಾಡು ಒಯ್ಯಿರಿ. ಹೂವು ಬೇಡ, ಐಸಿಯುನಲ್ಲಿ ಬಿಡುವುದಿಲ್ಲ. ಜರ್ಮನಿಯ ಬಹಳ ಐಸಿಯುಗಳಲ್ಲಿ ಒಂದು ದಿನಚರಿ ಪುಸ್ತಕ ಇಡುತ್ತಾರೆ. ನರ್ಸ್‌ಗಳು, ಮನೆಯವರು ದಿನಾ ನಾಲ್ಕು ಸಾಲು ಬರೆಯುತ್ತಾರೆ. ಗುಣವಾದ ಮೇಲೆ ರೋಗಿ ಓದಿದರೆ, ಕನಸು ಯಾವುದು ನಿಜ ಯಾವುದು ಅಂತ ಬಿಡಿಸಿಕೊಳ್ಳಲು ಸಹಾಯವಾಗುತ್ತದೆ. ನಿಮ್ಮಲ್ಲಿ ಅದು ಇದೆಯಾ ಕೇಳಿ. ಇಲ್ಲದಿದ್ದರೆ ನೀವೇ ಒಂದು ನೋಟ್‌ಬುಕ್ ಇಡಿ. ಕನ್ನಡದಲ್ಲೇ ಬರೆಯಿರಿ. ‘ಇವತ್ತು ಎಡ ಭುಜ ಒಂದು ಚೂರು ಅಲುಗಿತು’ ಅನ್ನುವಂಥದ್ದು. ದಿನಾ ನೋಡುವವರಿಗೆ ಸುಧಾರಣೆ ಕಾಣುವುದಿಲ್ಲ, ತಿರುವಿ ಓದಿದಾಗ ಕಾಣುತ್ತದೆ.

ವೈದ್ಯರ ಜೊತೆ ಕಾರಿಡಾರಿನಲ್ಲಿ ನಿಂತು ಮಾತಾಡಬೇಡಿ. ವಾರಕ್ಕೊಮ್ಮೆ ಸಮಯ ಕೊಡಿ, ಇಂಗ್ಲಿಷ್‌ನಲ್ಲಿ ಮಾತಾಡೋಣ ಅಂತ ಮೊದಲೇ ಹೇಳಿ. ಮನೆಯವರ ಜೊತೆ ಮಾತುಕತೆ ಇಲ್ಲಿ ಮಾಮೂಲು, ಕೇಳಿದರೆ ತಪ್ಪಿಲ್ಲ. ದುಭಾಷಿ ಬೇಕಾದರೆ ಹೇಳಿ, ಕೆಲವು ಆಸ್ಪತ್ರೆಗಳಲ್ಲಿ ವಿಡಿಯೋ ಮೂಲಕ ಇರುತ್ತದೆ, ಆದರೆ ಕನ್ನಡಕ್ಕೆ ಸಿಗುವುದು ಕಷ್ಟ. ಜರ್ಮನ್ ಚೆನ್ನಾಗಿ ಬರುವ ಗೆಳತಿಯನ್ನು ಕರೆದೊಯ್ಯುವುದೇ ವಾಸಿ. ಮಗುವನ್ನಾಗಲಿ, ಬಂಧುಗಳ ಕಾಲೇಜು ಹುಡುಗರನ್ನಾಗಲಿ ದುಭಾಷಿ ಮಾಡಬೇಡಿ. ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ನಾನಾದರೆ ಮೊದಲು ಕೇಳುವುದು ಮೂರು: ನಿಶ್ಶಕ್ತಿ ಏರುವುದು ನಿಂತಿದೆಯಾ, ನೋವಿಗೆ ಏನು ಕೊಡುತ್ತಿದ್ದೀರಿ, ಮುಂದೆ ಪುನಶ್ಚೇತನ ಚಿಕಿತ್ಸೆಗೆ ಯಾವ ರಿಹ್ಯಾಬ್‌ಗೆ ಅರ್ಜಿ ಹಾಕುತ್ತೀರಿ.

ಕೊನೆಯ ಪ್ರಶ್ನೆ ಈಗಲೇ ಯಾಕೆ ಅಂದರೆ, ಜರ್ಮನಿಯಲ್ಲಿ ನರರೋಗದ ರಿಹ್ಯಾಬ್ ಹಂತ ಹಂತವಾಗಿದೆ. ಬಿ ಹಂತದ ಕೇಂದ್ರಗಳು ಇನ್ನೂ ವೆಂಟಿಲೇಟರ್ ಬೇಕಿರುವವರನ್ನೂ ತೆಗೆದುಕೊಂಡು ನಿಧಾನವಾಗಿ ಯಂತ್ರ ಬಿಡಿಸುತ್ತವೆ. ಹಾಸಿಗೆಗೆ ಕಾಯಬೇಕಾಗುತ್ತದೆ. ಅರ್ಜಿ ಹಾಕುವುದು ಆಸ್ಪತ್ರೆಯ ಸೋಟ್ಸಿಯಾಲ್‌ಡೀನ್ಸ್ಟ್, ಅಂದರೆ ನನ್ನಂಥವರು. ಹೋಗಿ ಭೇಟಿಯಾಗಿ. ‘ನನಗೆ ಕಾರಿಲ್ಲ, ಚಿಕ್ಕ ಮಗಳಿದ್ದಾಳೆ, ರೈಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕೊಡಿ’ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಕೂತರೆ ಮೊದಲು ಖಾಲಿಯಾದ ಹಾಸಿಗೆ ಎಲ್ಲಿದೆಯೋ ಅಲ್ಲಿಗೆ ಕಳಿಸುತ್ತಾರೆ.

ಹಣದ ವಿಷಯ. ಅವರು ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆಯಾದ ಕ್ರಾಂಕನ್‌ಕಾಸೆಯಲ್ಲಿದ್ದಾರೆ ಅಂದುಕೊಂಡು ಹೇಳುತ್ತೇನೆ. ಕಾಯಿಲೆಯಾದ ದಿನದಿಂದ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ಆಮೇಲೆ ವಿಮೆಯವರು ಕಾಯಿಲೆ ಭತ್ಯೆ, ಅಂದರೆ ಕ್ರಾಂಕನ್‌ಗೆಲ್ಡ್ ಕೊಡುತ್ತಾರೆ. ಒಟ್ಟು ಸಂಬಳದ ಶೇಕಡಾ 70, ಆದರೆ ಕೈಗೆ ಬರುತ್ತಿದ್ದ ಸಂಬಳದ ಶೇಕಡಾ 90 ದಾಟುವ ಹಾಗಿಲ್ಲ. ಅಂದರೆ ಕೈಗೆ 3,200 ಯೂರೋ ಬರುತ್ತಿದ್ದರೆ 2,880ರ ಒಳಗೆ. ಅದರಲ್ಲೂ ಪಿಂಚಣಿ, ನಿರುದ್ಯೋಗ ವಿಮೆಯಂಥ ಕಡಿತ ಇರುತ್ತದೆ. ಸಂಬಳ ತುಂಬಾ ದೊಡ್ಡದಾದರೆ ಲೆಕ್ಕಕ್ಕೆ ಒಂದು ಮೇಲ್ಮಿತಿಯೂ ಇದೆ. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೆ ಸಿಗುತ್ತದೆ, ಕಂಪನಿ ಸಂಬಳ ಕೊಟ್ಟ ಆರು ವಾರವೂ ಅದರಲ್ಲೇ ಸೇರಿತು. ನಿಮಗೆ ಇನ್ನೊಂದು ಮೂರು ವಾರದಲ್ಲಿ ಈ ಬದಲಾವಣೆ ಆಗುತ್ತದೆ. ಅದರ ಫಾರ್ಮ್ ಪೋಸ್ಟಿನಲ್ಲಿ ಬರುತ್ತದೆ, ಜರ್ಮನ್‌ನಲ್ಲಿ. ಹಾಗಾಗಿ ಪೋಸ್ಟ್ ಡಬ್ಬಿ ದಿನಾ ತೆಗೆಯಿರಿ. ಅರ್ಥವಾಗದ ಕಾಗದವನ್ನು ಪಕ್ಕಕ್ಕಿಟ್ಟರೆ ಅದೇ ಮುಂದೆ ಕುತ್ತಿಗೆಗೆ ಬರುತ್ತದೆ. ಆಸ್ಪತ್ರೆಯಿಂದ ದಾಖಲಾತಿ ಪತ್ರ ಕೇಳಿ ಪಡೆಯಿರಿ. ಮುಂದೆ ಮನೆಗೆ ಬಂದ ದಿನ, ಕೆಲಸಕ್ಕೆ ಆಗುವುದಿಲ್ಲ ಅನ್ನುವ ವೈದ್ಯರ ಪತ್ರ ಒಂದು ದಿನವೂ ಖಾಲಿ ಬಿಡದೆ ಮುಂದುವರಿಯಬೇಕು. ಬಹಳ ಮಂದಿ ಎಡವುವುದು ಇಲ್ಲೇ. ಬಿಡುಗಡೆ ಮಾಡುವಾಗ ಆಸ್ಪತ್ರೆಯ ವೈದ್ಯರೇ ಏಳು ದಿನದವರೆಗೆ ಬರೆದುಕೊಡಬಹುದು, ಕೇಳಿ.

ಆಸ್ಪತ್ರೆ ಖರ್ಚಿನಲ್ಲಿ ನೀವು ಕೊಡಬೇಕಾದ್ದು ದಿನಕ್ಕೆ 10 ಯೂರೋ, ವರ್ಷಕ್ಕೆ ಹೆಚ್ಚೆಂದರೆ 28 ದಿನ, ಅಂದರೆ 280. ಐಸಿಯು ಅಂತ ಲಕ್ಷಗಟ್ಟಲೆ ಬಿಲ್ ಮನೆಗೆ ಬರುವುದಿಲ್ಲ. ಮಾವನವರು ಹೊಲ ಮಾರುವ ಮಾತಾಡಿದರೆ ಇದನ್ನು ಮೊದಲು ಹೇಳಿ.

ವೀಸಾ. ಕಾಯಿಲೆ ಬಿದ್ದ ಕಾರಣಕ್ಕೆ ಬ್ಲೂ ಕಾರ್ಡ್ ರದ್ದಾಗುವುದಿಲ್ಲ. ಕೆಲಸದ ಒಪ್ಪಂದ ಹಾಗೇ ಇರುತ್ತದೆ. ಕ್ರಾಂಕನ್‌ಗೆಲ್ಡ್ ಅವರೇ ಕಂತು ಕಟ್ಟಿ ಪಡೆದ ವಿಮೆಯ ಹಣ, ಅದನ್ನು ಸರ್ಕಾರದ ಸಹಾಯಧನ ಅಂತ ಲೆಕ್ಕ ಹಾಕುವುದಿಲ್ಲ. ಕಾರ್ಡಿನ ಅವಧಿ ಹತ್ತಿರದಲ್ಲಿದ್ದರೆ ಮಾತ್ರ ಎಚ್ಚರ. ಮುಗಿಯುವ ಮುಂಚೆ ಅರ್ಜಿ ಹಾಕಿದರೆ, ತೀರ್ಮಾನ ಆಗುವವರೆಗೆ ಹಳೆಯ ಹಕ್ಕು ಮುಂದುವರಿಯುತ್ತದೆ. ಆಸ್ಪತ್ರೆಯ ಪತ್ರ ಲಗತ್ತಿಸಿ. ಕಂಪನಿಯ ಎಚ್‌ಆರ್‌ಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಕೆಲಸಕ್ಕೆ ಬರಲು ಆಗುವುದಿಲ್ಲ, ಎಷ್ಟು ದಿನ ಅಂತ ಗೊತ್ತಿಲ್ಲ ಅಂದರೆ ಸಾಕು. ಔಫ್‌ಹೇಬುಂಗ್ಸ್‌ಫೆರ್ಟ್ರಾಗ್ ಅನ್ನುವ ಹೆಸರಿನ, ಒಪ್ಪಿ ಕೆಲಸ ಬಿಡುವ ಕಾಗದ ಬಂದರೆ ಯಾರೂ ಸಹಿ ಹಾಕಬೇಡಿ, ಎಷ್ಟೇ ನಯವಾಗಿ ಕೇಳಲಿ. ಕೆಲಸದಿಂದ ತೆಗೆದ ಪತ್ರವೇ ಬಂದುಬಿಟ್ಟರೆ ನ್ಯಾಯಾಲಯಕ್ಕೆ ಹೋಗಲು ಮೂರೇ ವಾರ ಇರುತ್ತದೆ. ಅವತ್ತೇ ವಕೀಲರನ್ನು ಹುಡುಕಿ.

ಈಗ ದಾವಣಗೆರೆಯ ಮಾತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈಗ ಊರಿಗೆ ಕರೆದೊಯ್ಯುವುದು ಬೇಡ. ನಮ್ಮಲ್ಲಿ ಒಳ್ಳೆಯ ಚಿಕಿತ್ಸೆ ಇಲ್ಲ ಅಂತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ಕಾಯಿಲೆಯಲ್ಲಿ ಬಹಳ ಪಳಗಿದ ಜಾಗ. ಆದರೆ ಬಿಪಿ ಏರಿಳಿಯುವ, ಯಂತ್ರದಲ್ಲಿ ಉಸಿರಾಡುವ ಮನುಷ್ಯನನ್ನು ಅಷ್ಟು ದೂರ ವಿಮಾನದಲ್ಲಿ ಸಾಗಿಸುವುದು ಅಪಾಯ. ಏರ್ ಆಂಬ್ಯುಲೆನ್ಸ್ ಖರ್ಚು ಕ್ರಾಂಕನ್‌ಕಾಸೆ ಕೊಡುವುದಿಲ್ಲ. ಅಲ್ಲಿ ಇಳಿದ ಮೇಲೆ ಇಲ್ಲಿನ ವಿಮೆಯೂ ಇರುವುದಿಲ್ಲ. ಮುಂದೆ ನಡೆಯುವಂತಾದ ಮೇಲೆ ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರುವುದು ಬೇರೆ ಮಾತು.

ಅವರ ಭಯವನ್ನೂ ಅರ್ಥ ಮಾಡಿಕೊಳ್ಳಿ. 2025ರ ಜನವರಿ, ಫೆಬ್ರವರಿಯಲ್ಲಿ ಪುಣೆಯಲ್ಲಿ ಇದೇ ಕಾಯಿಲೆ 200ಕ್ಕೂ ಹೆಚ್ಚು ಜನರಿಗೆ ಬಂದಾಗ ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಅವರ ಕಣ್ಣಿಗೆ ಆ ಚಿತ್ರವೇ ಬರುತ್ತಿರಬಹುದು. ದಿನಕ್ಕೆ ಹತ್ತು ಫೋನ್ ಬದಲು ಒಂದೇ ಹೊತ್ತು ಗೊತ್ತುಮಾಡಿ. ಇಲ್ಲಿ ಸಂಜೆ ನಾಲ್ಕೂವರೆ ಆದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟು, ಚಳಿಗಾಲದಲ್ಲಿ ಒಂಬತ್ತು. ಮೈದುನನೋ ನಾದಿನಿಯೋ ಒಬ್ಬರು ಸುದ್ದಿ ಪಡೆದು ಉಳಿದವರಿಗೆಲ್ಲ ತಲುಪಿಸಲಿ. ಅತ್ತೆಗೆ ಮಾಡಲು ಒಂದು ಕೆಲಸ ಕೊಡಿ. ಮಗನಿಗೆ ದಿನಾ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲಿ: ಅಂಗಳದ ಸುದ್ದಿ, ಅಡಿಗೆ ಏನು, ಪಕ್ಕದ ಮನೆಯ ಮದುವೆ. ಅಳದೆ ಮಾತಾಡಿ ಅಂತ ಮೊದಲೇ ಹೇಳಿ. ನೀವು ಅವರ ಕಿವಿಯ ಹತ್ತಿರ ಹಾಕಿ.

ಒಬ್ಬರು ಬಂದರೆ ನಿಮಗೆ ನಿಜವಾಗಲೂ ಅನುಕೂಲ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಷೆಂಗೆನ್ ವೀಸಾಗೆ ಆಸ್ಪತ್ರೆಯ ವೈದ್ಯರ ಪತ್ರ, ನಿಮ್ಮ ಆಹ್ವಾನ ಪತ್ರ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ತುರ್ತು ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಹಾಗಾಗಿ ಐಸಿಯು ಹೊತ್ತಿಗೇ ಇಬ್ಬರೂ ಬಂದು 90 ದಿನ ಮುಗಿಸುವುದಕ್ಕಿಂತ, ಅತ್ತೆ ಈಗ ಬಂದು ಮಗಳನ್ನು ನೋಡಿಕೊಂಡು, ಮಾವನವರು ರಿಹ್ಯಾಬ್ ಹೊತ್ತಿಗೆ ಬಂದರೆ ಒಳ್ಳೆಯದು. ಅವರ ಪಾಸ್‌ಪೋರ್ಟ್ ಅವಧಿ ಇವತ್ತೇ ನೋಡಲು ಹೇಳಿ.

ಅಲ್ಲಿಯವರೆಗೆ ನೀವಿರುವ ಕಡೆಯ ಕನ್ನಡದವರನ್ನು ಬಳಸಿಕೊಳ್ಳಿ. ‘ಏನಾದರೂ ಬೇಕಾದರೆ ಹೇಳಿ’ ಅನ್ನುವವರಿಗೆ ಹೆಸರಿಟ್ಟು ಕೆಲಸ ಹೇಳಿ. ಮಂಗಳವಾರ ಮಗಳನ್ನು ಶಾಲೆಯಿಂದ ಕರೆತರುವುದು ಒಬ್ಬರು. ವಾರದ ಜರ್ಮನ್ ಕಾಗದ ಓದುವುದು ಇನ್ನೊಬ್ಬರು. ಗುರುವಾರ ರಾತ್ರಿ ಊಟ ಮತ್ತೊಬ್ಬರು. ಸಂಕೋಚ ಬೇಡ, ಹೇಗೆ ಸಹಾಯ ಮಾಡಬೇಕು ಅಂತ ಗೊತ್ತಾಗದೆ ಅವರೂ ಒದ್ದಾಡುತ್ತಿರುತ್ತಾರೆ. ನಿಮಗೆ ಊಟ ಸೇರದೆ, ನಿದ್ದೆ ಬಾರದೆ ಎರಡು ವಾರ ದಾಟಿದ್ದರೆ ನಿಮ್ಮ ಮನೆ ವೈದ್ಯರ ಹತ್ತಿರ ಹೋಗಿ ಇಷ್ಟನ್ನೂ ಹೇಳಿ.

ಮಗಳಿಗೆ ನಿಜ ಹೇಳಿ, ಚಿಕ್ಕದಾಗಿ. ‘ಅಪ್ಪ ಟೂರಿಗೆ ಹೋಗಿದ್ದಾರೆ’ ಅನ್ನಬೇಡಿ. ಆರು ವರ್ಷದ ಮಗು ನಿಮ್ಮ ಮುಖ ನೋಡಿಯೇ ಸುಳ್ಳು ಹಿಡಿಯುತ್ತದೆ, ಮನಸ್ಸಿನಲ್ಲಿ ಇನ್ನೂ ದೊಡ್ಡದೇನೋ ಕಟ್ಟಿಕೊಳ್ಳುತ್ತದೆ. ‘ಅಪ್ಪನ ನರಗಳಿಗೆ ಕಾಯಿಲೆ. ಕೈಕಾಲಿಗೆ ಶಕ್ತಿ ಇಲ್ಲ. ಉಸಿರಾಡಲು ಒಂದು ಮಷಿನ್ ಸಹಾಯ ಮಾಡುತ್ತಿದೆ. ನೀನು ಮಾತಾಡಿದ್ದು ಅಪ್ಪನಿಗೆ ಕೇಳುತ್ತದೆ. ನಿನ್ನಿಂದ ಏನೂ ಆಗಿದ್ದಲ್ಲ, ನಿನಗೆ ಅಂಟುವುದೂ ಇಲ್ಲ.’ ಕೊನೆಯ ಎರಡು ಮಾತು ಬಿಡಬೇಡಿ, ಮಕ್ಕಳು ಕೇಳದೇ ಹೆದರುವುದು ಅದಕ್ಕೇ. ಮಕ್ಕಳನ್ನು ವಯಸ್ಸಿನ ಕಾರಣಕ್ಕೇ ಐಸಿಯು ಹೊರಗಿಡುವ ಪದ್ಧತಿ ಇಲ್ಲಿ ಕಡಿಮೆಯಾಗುತ್ತಿದೆ. ಕರೆತರಬಹುದಾ ಅಂತ ವಾರ್ಡಿನಲ್ಲಿ ಕೇಳಿ, ಯಜಮಾನರನ್ನೂ ಕೇಳಿ. ಈ ಸ್ಥಿತಿಯಲ್ಲಿ ಮಗಳು ನೋಡುವುದು ಅವರಿಗೆ ಬೇಡ ಅನ್ನಿಸಬಹುದು, ಅದನ್ನು ಗೌರವಿಸಿ. ಇಬ್ಬರಿಗೂ ಇಷ್ಟವಿದ್ದರೆ ಮೊದಲು ಮಷಿನ್, ಕೊಳವೆ ಎಲ್ಲ ಕಾಣುವ ಫೋಟೋ ತೋರಿಸಿ, ಹತ್ತು ನಿಮಿಷ ಸಾಕು. ಕ್ಲಾಸ್ ಟೀಚರ್‌ಗೆ ವಿಷಯ ತಿಳಿಸಿ, ಮಗು ಕ್ಲಾಸಿನಲ್ಲಿ ಮಂಕಾದರೆ ಅವರಿಗೆ ಕಾರಣ ಗೊತ್ತಿರುತ್ತದೆ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಅವರ ವಿಮೆ ಯಾವುದು ಅಂತ. ಜಾಸ್ತಿ ಸಂಬಳದ ಇಂಜಿನಿಯರುಗಳು ಕೆಲವರು ಖಾಸಗಿ ವಿಮೆಗೆ ಹೋಗಿರುತ್ತಾರೆ. ಹಾಗಿದ್ದರೆ ಆರು ವಾರದ ನಂತರ ಎಷ್ಟು ಹಣ, ಎಷ್ಟನೇ ದಿನದಿಂದ ಅನ್ನುವುದೆಲ್ಲ ಅವರ ಒಪ್ಪಂದದ ಪ್ರಕಾರ. ದಿನಭತ್ಯೆಯ ಭಾಗವನ್ನೇ ತೆಗೆದುಕೊಳ್ಳದವರೂ ಇದ್ದಾರೆ. ಅವರ ಪರ್ಸಿನಲ್ಲಿರುವ ವಿಮೆ ಕಾರ್ಡ್ ನೋಡಿ, ಮನೆಯಲ್ಲಿ ಒಪ್ಪಂದದ ಕಾಗದ ಹುಡುಕಿ, ಖಾಸಗಿ ಅಂತಾದರೆ ಈ ವಾರವೇ ಮತ್ತೆ ಬರೆಯಿರಿ. ಅದಕ್ಕೆ ಬೇರೆಯಾಗಿ ಉತ್ತರ ಕೊಡುತ್ತೇನೆ.